ಕಬ್ಬಿಣದ ನೇಗಿಲು

ಹೊಳೆನರಸೀಪುರದ ಗದ್ದೆಯಾಗಲಿ, ಚನ್ನರಾಯಪಟ್ಟಣದ ರಾಗಿಯ ಹೊಲವಾಗಲಿ, ಒಂದು ಶತಮಾನದ ಹಿಂದೆ ರೈತನಿಗೆ ಆಧಾರವಾಗಿದ್ದುದು ಮರದ ನೇಗಿಲು. ಅದರ ಗುಳವು ನೆಲವನ್ನು ಸೀಳುತ್ತಿತ್ತೇ ಹೊರತು ಅಡಿಯ ಮಣ್ಣನ್ನು ಮಗುಚಿ ಹಾಕುತ್ತಿರಲಿಲ್ಲ. ನಾಡಿನ ಉದ್ದಗಲಕ್ಕೂ ಬೇಸಾಯದ ಸ್ಥಿತಿ ಹೀಗೆಯೇ ಇತ್ತು. ಈ ಕೊರತೆಯನ್ನು ನೀಗಲು ಸ್ವದೇಶದಲ್ಲಿಯೇ ಕಬ್ಬಿಣದ ನೇಗಿಲನ್ನು ತಯಾರಿಸಿದವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಗ್ರಗಣ್ಯರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಚಿತ್ರಕಲೆಯಲ್ಲಿಯೂ ಯಂತ್ರಗಳಲ್ಲಿಯೂ ಒಲವು. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದರು. ಆದರೆ ಕೆಲವು ಬಣ್ಣಗಳನ್ನು ತಮ್ಮ ಕಣ್ಣು ಗುರುತಿಸಲಾರದೆಂದು ತಿಳಿದಾಗ ಕುಂಚವನ್ನು ಕೆಳಗಿಟ್ಟು ಯಂತ್ರಗಳ ನಕ್ಷೆ ರಚಿಸುವ ವಿದ್ಯೆಯನ್ನು ಅಭ್ಯಾಸ ಮಾಡಿದರು. ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರೂ ಆದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಅನ್ಯರ ಪಾಲಾದಾಗ ಆ ಕೆಲಸವನ್ನು ತೊರೆದರು. ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿಯನ್ನು ನಡೆಸಿ, ಬಳಿಕ ಚಿಕ್ಕ ಕಾರ್ಖಾನೆಯೊಂದನ್ನು ತೆರೆದು, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು.

ನೇಗಿಲೇನೋ ಸಿದ್ಧವಾಯಿತು, ಕೊಳ್ಳುವವರೇ ಇಲ್ಲ! ಕಬ್ಬಿಣ ತಗುಲಿದರೆ ಭೂಮಿ ವಿಷವಾಗುವುದೆಂಬ ಭೀತಿ ರೈತರಲ್ಲಿ ಬೇರೂರಿತ್ತು. ಹಿರಿಯರಿಂದ ಬಂದ ತುಂಡು ನೆಲವೇ ಅವರ ಸರ್ವಸ್ವ. ಅದು ಕೆಟ್ಟರೆ ಸಂಸಾರವೇ ಕೆಟ್ಟಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ಆದರೂ ಲಕ್ಷ್ಮಣರಾಯರು ಧೃತಿಗೆಡಲಿಲ್ಲ.

ಬೆಳಗಾವಿಯ ಕಾರ್ಖಾನೆಯ ಜಾಗವನ್ನು ಪುರಸಭೆಗೆ ಬಿಟ್ಟುಕೊಡಬೇಕಾಗಿ ಬಂದಾಗ ಮತ್ತೊಂದು ಸಂಕಟ ಒದಗಿತು. ಆಗ ಔಂಧ್ ಸಂಸ್ಥಾನದ ಅರಸರು 32 ಎಕರೆ ಭೂಮಿಯನ್ನೂ 10,000 ರೂಪಾಯಿಗಳ ಸಾಲವನ್ನೂ ಕೊಟ್ಟು ಆಶ್ರಯವಿತ್ತರು. ಅದು ಪಾಪಾಸುಕಳ್ಳಿ ಬೆಳೆದು ಹಾವುಗಳಿಗೆ ನೆಲೆಯಾಗಿದ್ದ ಬಂಜರು. ಅದನ್ನು ಹಸನುಗೊಳಿಸಿ 1910ರಲ್ಲಿ ಕಾರ್ಖಾನೆಯನ್ನೂ ಕಾರ್ಮಿಕರಿಗಾಗಿ ಊರನ್ನೂ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕೆ ಅಭಾವವುಂಟಾದಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಟ್ಟರು. ಕೋಟೆಯಲ್ಲಿದ್ದ ಲೋಹ ಕರಗಿ ನೇಗಿಲಾಗಿ ಹೊಲಕ್ಕಿಳಿಯಿತು.

ಮುಂದೆ ಆ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳೂ ತಯಾರಾದವು. 1941ರಲ್ಲಿ ತುಂಗಭದ್ರೆಯ ತೀರದ ಹರಿಹರದಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಸ್ಥಾಪನೆಯಾಯಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ಕಾಲವಶರಾದರು.

ಹೊಸ ಉಪಕರಣವನ್ನು ನಿರ್ಮಿಸಲು ಬುದ್ಧಿ ಸಾಕು. ಅದನ್ನು ಬಳಸುವವರ ನಂಬಿಕೆಯನ್ನು ಗಳಿಸಲು ತಾಳ್ಮೆ ಬೇಕು. ಆ ಎರಡು ವರ್ಷಗಳ ತಾಳ್ಮೆಯೇ ಅವರ ಸಾಧನೆಗೆ ಅಡಿಪಾಯವಾಯಿತು.