ಹಿಂದಿಕ್ಕುವ ಕಲೆ: ತಾತ್ಸಿಯೊ ನುವೊಲಾರಿ

ಮೋಟಾರು ಪಂದ್ಯದಲ್ಲಿ ಎದುರಾಳಿಯನ್ನು ಹಿಂದಿಕ್ಕುವುದು ಕೇವಲ ವೇಗದ ಮಾತಲ್ಲ. ಮುಂದಿರುವವನು ತಿರುವಿನ ಒಳಮಗ್ಗುಲನ್ನು ಹಿಡಿದು ದಾರಿ ಕಟ್ಟುತ್ತಾನೆ. ಹಿಂದಿರುವವನು ಅವನಿಗಿಂತ ಒಂದು ಕ್ಷಣ ತಡವಾಗಿ ಬ್ರೇಕು ಹಾಕಿ ಆ ಎಡೆಯೊಳಕ್ಕೆ ನುಗ್ಗಬೇಕು. ತಡವು ತುಸು ಹೆಚ್ಚಾದರೆ ಕಾರು ದಾರಿ ತಪ್ಪುವುದು. ಈ ಕ್ಷಣದ ಲೆಕ್ಕವನ್ನೇ ಬಾಳಾಗಿಸಿಕೊಂಡವನು ಇಟಲಿಯ ತಾತ್ಸಿಯೊ ನುವೊಲಾರಿ.

1892ರ ನವೆಂಬರ್ 16ರಂದು ಮಾಂತೊವಾ ನಗರದ ಬಳಿಯ ಕಾಸ್ತೆಲ್ ದಾರಿಯೊ ಎಂಬ ಊರಿನಲ್ಲಿ ಅವನ ಜನನ. ಗಿಡ್ಡ ಆಳು, ಸಣಕಲು ಮೈ. ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಹೆಸರು ಗಳಿಸಿ ಬಳಿಕ ಕಾರಿನತ್ತ ತಿರುಗಿದನು. ತಿರುವು ಬರುವ ಮುನ್ನವೇ ಕಾರಿನ ಮೂತಿಯನ್ನು ಒಳಕ್ಕೆ ಹೊರಳಿಸಿ, ನಾಲ್ಕು ಚಕ್ರಗಳನ್ನೂ ಜಾರಗೊಟ್ಟು, ಆ ಜಾರಿನಲ್ಲಿಯೇ ತಿರುವನ್ನು ದಾಟುವುದು ಅವನ ರೀತಿ. ನೋಡುವವರಿಗೆ ಅದು ಹುಚ್ಚು ಸಾಹಸ. ಅವನಿಗೆ ಅಳೆದು ತೂಗಿದ ಕೆಲಸ.

ಕರ್ಣನಿಲ್ಲದೆ ಅರ್ಜುನನ ಹಿರಿಮೆ ತಿಳಿಯದು. ನುವೊಲಾರಿಗೆ ಅಂಥ ಎದುರಾಳಿ ಅಕಿಲ್ಲೆ ವಾರ್ತ್ಸಿ. ಶಾಂತ, ಮಿತಭಾಷಿ, ಒಂದು ಗೆರೆಯೂ ತಪ್ಪದ ಚಾಲಕ. 1930ರ ಸಾವಿರ ಮೈಲಿಗಳ ಪಂದ್ಯದಲ್ಲಿ ನುವೊಲಾರಿ ದೀಪಗಳನ್ನು ಆರಿಸಿಕೊಂಡು ಕತ್ತಲಲ್ಲಿ ಅವನ ಹಿಂದೆ ಬಂದು ಮುಂದೆ ಹಾಯ್ದನೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಆದರೆ ನುವೊಲಾರಿ ಹೊರಟದ್ದೇ ಹತ್ತು ನಿಮಿಷ ತಡವಾಗಿ. ಕಾಲದ ಲೆಕ್ಕದಲ್ಲಿ ಅವನು ಆಗಲೇ ಮುಂದಿದ್ದನು. ಗೆಲ್ಲಲು ಕಣ್ಣೆದುರು ಹಿಂದಿಕ್ಕಲೇಬೇಕೆಂಬ ನಿರ್ಬಂಧವಿರಲಿಲ್ಲ.

1933ರಲ್ಲಿ ಮೊನಾಕೊ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ನೂರು ಸುತ್ತುಗಳ ಪಂದ್ಯ. ಒಬ್ಬನು ಮುಂದಾದರೆ ಮತ್ತೊಬ್ಬನು ಬೆನ್ನು ಬಿಡದೆ ಬಂದು ಮತ್ತೆ ಹಿಂದಿಕ್ಕುವನು. ಈ ಹೋರಾಟ ಕೊನೆಯ ಸುತ್ತಿನವರೆಗೂ ನಡೆಯಿತು. ಆ ಸುತ್ತಿನಲ್ಲಿ ವಾರ್ತ್ಸಿ ಮುಂದಾದನು. ಶಕ್ತಿಮೀರಿ ದುಡಿದ ನುವೊಲಾರಿಯ ಯಂತ್ರ ಕೈಕೊಟ್ಟಿತು. ಅವನು ಕೆಳಗಿಳಿದು ಕಾರನ್ನು ತಳ್ಳತೊಡಗಿದನು.

ಎರಡು ವರ್ಷಗಳ ಬಳಿಕ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಯಂತ್ರದ ಈ ನ್ಯಾಯ ಅವನ ಕಡೆಗೆ ತಿರುಗಿತು. ಅವನದು ಹಳೆಯ ಆಲ್ಫಾ ರೋಮಿಯೊ. ಎದುರಿಗೆ ಅದಕ್ಕಿಂತ ಬಲಿಷ್ಠವಾದ ಒಂಬತ್ತು ಜರ್ಮನ್ ಕಾರುಗಳು. ನಡುವೆ ಇಂಧನ ತುಂಬುವ ಪಂಪು ಕೆಟ್ಟು, ಕೈಯಿಂದಲೇ ಸುರಿಯಬೇಕಾಗಿ, ಅವನು ಆರನೆಯ ಸ್ಥಾನಕ್ಕೆ ಇಳಿದನು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಬಂದನು. ಕೊನೆಯ ಸುತ್ತು ತೊಡಗಿದಾಗ ಫಾನ್ ಬ್ರೌಖಿಚ್ ಇನ್ನೂ ಸುಮಾರು ಅರ್ಧ ನಿಮಿಷ ಮುಂದಿದ್ದನು. ಆದರೆ ಬೆನ್ನಟ್ಟಿ ಬಂದವನಿಗೆ ಹೆದರಿ ಓಡಿದ ಓಟದಲ್ಲಿ ಅವನ ಟೈರು ಸವೆದಿತ್ತು, ಅದು ಸಿಡಿಯಿತು. ನುವೊಲಾರಿ ಗೆದ್ದನು.

1937ರಲ್ಲಿ ಹಿರಿಯ ಮಗ, 1946ರಲ್ಲಿ ಕಿರಿಯ ಮಗ, ಇಬ್ಬರೂ 18ರ ಹರೆಯದಲ್ಲಿ ರೋಗದಿಂದ ತೀರಿಕೊಂಡರು. ವಾರ್ತ್ಸಿಯೂ 1948ರಲ್ಲಿ ಅಭ್ಯಾಸದ ವೇಳೆ ಅಪಘಾತದಲ್ಲಿ ಮಡಿದನು. ತನ್ನ ಶ್ವಾಸಕೋಶಗಳೂ ಹಾಳಾಗಿದ್ದರೂ ಅದೇ ವರ್ಷ, 55ರ ವಯಸ್ಸಿನಲ್ಲಿ, ನುವೊಲಾರಿ ಮತ್ತೆ ಸಾವಿರ ಮೈಲಿಗಳ ಪಂದ್ಯಕ್ಕಿಳಿದು ಬಹುದೂರ ಎಲ್ಲರಿಗಿಂತ ಮುಂದೆ ಸಾಗಿದನು. ಕಾರು ಮುರಿದು ನಿಂತಿತು. 1953ರ ಆಗಸ್ಟ್ 11ರಂದು ಮಾಂತೊವಾದಲ್ಲಿ ಹಾಸಿಗೆಯ ಮೇಲೆ ಅವನ ಅಂತ್ಯ. ಪಥದ ಮೇಲೆ ಮೃತ್ಯುವಿನ ಸಮೀಪಕ್ಕೆ ಅಷ್ಟು ಬಾರಿ ಹೋದವನಿಗೆ ಅದು ಅಲ್ಲಿ ಎದುರಾಗಲಿಲ್ಲ. ಮನೆಗೆ ಬಂದು, ಅವನಿಗಿಂತ ಮೊದಲು ಅವನ ಮಕ್ಕಳನ್ನು ಕೊಂಡೊಯ್ದಿತು.