ಮಣ್ಣಿನ ಋಣವನ್ನು ಅರಿತ ವಿಜ್ಞಾನಿ: ಸರ್ ಆಲ್ಬರ್ಟ್ ಹೋವರ್ಡ್

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೊರನಾಡಿನ ನಗರಗಳಲ್ಲಿ ನೆಲೆಸಿದ ಕನ್ನಡಿಗರು ನಾವು. ವರ್ಷಕ್ಕೊಮ್ಮೆ ನವೆಂಬರ್ ತಿಂಗಳ ಮೊದಲನೆಯ ದಿನ ಒಂದೆಡೆ ಸೇರಿ ನಾಡಿನ ಹಿರಿಮೆಯನ್ನು ನೆನೆಯುತ್ತೇವೆ. ನುಡಿಯನ್ನು, ನದಿಗಳನ್ನು, ಅರಸರನ್ನು, ಕವಿಗಳನ್ನು ಕೊಂಡಾಡುತ್ತೇವೆ. ಕನ್ನಡದ ಮಣ್ಣು ಎಂಬ ಮಾತು ಅಂದು ಎಷ್ಟು ಬಾರಿ ಕಿವಿಗೆ ಬೀಳುವುದೋ ಲೆಕ್ಕವಿಲ್ಲ. ಆದರೆ ಹೊಲದಲ್ಲಿ ಕಾಲಿಗಂಟುವ ನಿಜವಾದ ಮಣ್ಣಿನ ಯೋಗಕ್ಷೇಮವನ್ನು ವಿಚಾರಿಸುವವರು ಅಪರೂಪ. ಆ ಮಣ್ಣಿನ ಆರೋಗ್ಯಕ್ಕಾಗಿ ಬಾಳನ್ನು ಸವೆಸಿದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ. ಅವರು ಇಂಗ್ಲೆಂಡಿನವರು, ಆದರೆ ಭಾರತದ ರೈತನನ್ನು ಗುರುವೆಂದು ಒಪ್ಪಿಕೊಂಡವರು. ಅವರು ಹಿಡಿದ ಎಳೆಯ ಒಂದು ತುದಿ ನಮ್ಮ ಬೆಂಗಳೂರಿಗೂ ಬಂದು ಮುಟ್ಟಿದೆ.

ಆಲ್ಬರ್ಟ್ ಹೋವರ್ಡ್ ಅವರು ಹುಟ್ಟಿದ್ದು 1873ನೆಯ ಇಸವಿ ಡಿಸೆಂಬರ್ 8ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಒಂದು ಒಕ್ಕಲು ಮನೆತನದಲ್ಲಿ. ಬಾಲ್ಯವೆಲ್ಲ ಹೊಲ ಮತ್ತು ದನಕರುಗಳ ನಡುವೆ ಕಳೆಯಿತು. ಮುಂದೆ ಲಂಡನ್ನಿನಲ್ಲಿಯೂ ಕೇಂಬ್ರಿಜ್‌ನಲ್ಲಿಯೂ ಓದಿ ವಿಜ್ಞಾನದಲ್ಲಿ ಹೆಸರು ಪಡೆದರು. 1899ರಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋಗಿ, ಕಬ್ಬು ಮೊದಲಾದ ಬೆಳೆಗಳಿಗೆ ತಗಲುವ ಬೂಷ್ಟು ರೋಗಗಳನ್ನು ಅಭ್ಯಾಸ ಮಾಡುವ ಉದ್ಯೋಗ ಹಿಡಿದರು. ಅಲ್ಲಿಯೇ ಅವರ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ಸೂಕ್ಷ್ಮದರ್ಶಕದ ಮುಂದೆ ಕುಳಿತು ರೈತನಿಗೆ ಉಪದೇಶ ಮಾಡುವುದು ಸುಲಭ. ಆ ಉಪದೇಶವನ್ನು ತಾನೇ ಬೆಳೆದು ಪರೀಕ್ಷಿಸಲು ಅವರ ಬಳಿ ಒಂದು ತುಂಡು ನೆಲವೂ ಇರಲಿಲ್ಲ. ತಾನು ಉತ್ತು ನೋಡದ ವಿದ್ಯೆಯನ್ನು ಉಳುವವನಿಗೆ ಹೇಳುವುದು ಹೇಗೆ ಎಂಬ ಪ್ರಶ್ನೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

1905ರಲ್ಲಿ ಹೋವರ್ಡ್ ಅವರು ಭಾರತ ಸರ್ಕಾರದ ಸಸ್ಯಶಾಸ್ತ್ರಜ್ಞರಾಗಿ ಬಿಹಾರದ ಪೂಸಾಕ್ಕೆ ಬಂದರು. ಅದೇ ವರ್ಷ ಗೇಬ್ರಿಯೆಲ್ ಮತ್ತಾಯಿ ಎಂಬ ವಿದುಷಿಯನ್ನು ಮದುವೆಯಾದರು. ಆಕೆಯೂ ಕೇಂಬ್ರಿಜ್‌ನಲ್ಲಿ ಸಸ್ಯಗಳ ಉಸಿರಾಟವನ್ನು ಕುರಿತು ಸಂಶೋಧನೆ ಮಾಡಿದವರು. ಮುಂದಿನ 25 ವರ್ಷ ಈ ದಂಪತಿಗಳು ಕೂಡಿಯೇ ಪ್ರಯೋಗ ನಡೆಸಿದರು, ಕೂಡಿಯೇ ಗ್ರಂಥ ಬರೆದರು. ಹೋವರ್ಡ್ ಅವರ ಕೀರ್ತಿಯಲ್ಲಿ ಅರ್ಧ ಪಾಲು ಗೇಬ್ರಿಯೆಲ್ ಅವರದೆಂದರೆ ತಪ್ಪಾಗದು. ಪೂಸಾ ಎಂಬ ಹೆಸರು ದೆಹಲಿಯ ಕನ್ನಡಿಗರಿಗೆ ಹೊಸದಲ್ಲ. 1934ರ ಭೂಕಂಪದಲ್ಲಿ ಬಿಹಾರದ ಕಟ್ಟಡ ಹಾಳಾದ ಮೇಲೆ, 1936ರಲ್ಲಿ ಆ ಸಂಸ್ಥೆ ದೆಹಲಿಗೆ ಬಂದಿತು. ಹೆಸರೂ ಅದರೊಡನೆಯೇ ಬಂದಿತು.

ಪೂಸಾದಲ್ಲಿ ದಂಪತಿಗಳು ಬೇರ್ಪಡಿಸಿದ ಪೂಸಾ 4, ಪೂಸಾ 12 ಎಂಬ ಗೋಧಿ ತಳಿಗಳು ದೂರದೂರಕ್ಕೆ ಹಬ್ಬಿದವು. ಇಷ್ಟೇ ಆಗಿದ್ದರೆ ಅವರ ಹೆಸರು ಗೋಧಿಯ ಚರಿತ್ರೆಯಲ್ಲಿ ಮಾತ್ರ ಉಳಿಯುತ್ತಿತ್ತು. ಆದರೆ ಅಲ್ಲಿ ಅವರಿಗೆ 75 ಎಕರೆ ಜಮೀನು ದೊರೆಯಿತು. ಹಳೆಯ ಮುಳ್ಳನ್ನು ಕೀಳುವ ಕಾಲ ಕೂಡಿಬಂದಿತು. ಸುತ್ತಲಿನ ರೈತರು ಬೆಲೆಯುಳ್ಳ ರಾಸಾಯನಿಕ ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಕಂಡವರಲ್ಲ. ಆದರೂ ಅವರ ಪೈರು ಬಹುಮಟ್ಟಿಗೆ ನಿರೋಗಿಯಾಗಿತ್ತು. ಕಾಳಿನ ಜೊತೆ ಬೇಳೆಯ ಬೆಳೆಯನ್ನು ಬೆರೆಸಿ ಬಿತ್ತುವುದು, ಕೊಟ್ಟಿಗೆಯ ಗೊಬ್ಬರವನ್ನು ಹೊಲಕ್ಕೆ ಹೊರುವುದು, ಭೂಮಿಯ ಹದ ನೋಡಿ ಉಳುವುದು, ಇವೆಲ್ಲ ಹೋವರ್ಡ್ ಅವರಿಗೆ ಪಾಠಗಳಾದವು. ರೈತನನ್ನೂ ಬೆಳೆಗೆ ಬೀಳುವ ಕೀಟವನ್ನೂ ತಮ್ಮ ಉಪಾಧ್ಯಾಯರೆಂದು ಅವರು ಬಗೆದರು. ಕೀಟ ಬಂದರೆ ಅದನ್ನು ಕೊಲ್ಲುವ ಮೊದಲು, ಇಲ್ಲಿಗೇ ಏಕೆ ಬಂದಿತು, ಮಣ್ಣಿನಲ್ಲಿ ಏನು ಕೊರತೆ ಎಂದು ಕೇಳತೊಡಗಿದರು.

1910ರಿಂದ ಹಲವು ಬೇಸಗೆಗಳನ್ನು ಅವರು ಬಲೂಚಿಸ್ತಾನದ ಕ್ವೆಟ್ಟಾದ ಹಣ್ಣಿನ ತೋಟಗಳಲ್ಲಿ ಕಳೆದರು. ನೀರು ಹೆಚ್ಚಾದರೆ ಬೇರಿಗೆ ಗಾಳಿ ಸಿಗದು, ಗಾಳಿ ಸಿಗದ ಬೇರು ಸೊರಗುವುದು ಎಂಬ ಸತ್ಯ ಅಲ್ಲಿ ಅವರಿಗೆ ಮನದಟ್ಟಾಯಿತು. ಕಡಿಮೆ ನೀರಿನಲ್ಲಿಯೇ ಗೋಧಿ ಬೆಳೆಯುವ ಬಗೆಯನ್ನು ತೋರಿಸಿಕೊಟ್ಟರು. ಆದರೆ ಸರ್ಕಾರಿ ಸಂಶೋಧನೆಯಲ್ಲಿ ತಳಿಯವರು ಬೇರೆ, ರೋಗದವರು ಬೇರೆ, ಕೀಟದವರು ಬೇರೆ, ರಸಾಯನದವರು ಬೇರೆ. ಒಂದೇ ಗಿಡವನ್ನು ನಾಲ್ಕು ಕೋಣೆಗಳಿಗೆ ಹಂಚಿದಂತೆ ಇದು ಅವರಿಗೆ ಕಂಡಿತು. ಗಿಡವನ್ನೂ ಮಣ್ಣನ್ನೂ ದನವನ್ನೂ ಒಟ್ಟಾಗಿ ನೋಡುವ ಒಂದು ಸಂಸ್ಥೆ ಬೇಕೆಂದು ವರ್ಷಗಟ್ಟಲೆ ಹೆಣಗಿದರು. ಕೊನೆಗೆ 1924ರಲ್ಲಿ, ಹೋಳ್ಕರರ ಇಂದೂರಿನಲ್ಲಿ, 300 ಎಕರೆ ಜಮೀನಿನ ಮೇಲೆ ಅಂಥ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯದು ಹತ್ತಿ ಬೆಳೆಯುವ ಕಪ್ಪು ಭೂಮಿ. ಧಾರವಾಡ, ವಿಜಯಪುರಗಳ ಕಡೆಯವರಿಗೆ ಚಿರಪರಿಚಿತವಾದ ಎರೆ ಮಣ್ಣಿನ ಬಳಗಕ್ಕೆ ಸೇರಿದ್ದು.

ಅಲ್ಲಿ ರೂಪುಗೊಂಡದ್ದೇ ಜಗತ್ತಿಗೆ ಪರಿಚಿತವಾದ ಇಂದೂರು ಪದ್ಧತಿ. ಯಶವಂತ ವಾಡ್ ಎಂಬ ಭಾರತೀಯ ಸಹೋದ್ಯೋಗಿ ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದರು. ಚೀನದ ರೈತರು ಶತಮಾನಗಳಿಂದ ನೆಲದ ಸಾರ ಕೆಡದಂತೆ ಉಳಿಸಿಕೊಂಡ ಬಗೆಯನ್ನು ಅಮೆರಿಕದ ಫ್ರಾಂಕ್ಲಿನ್ ಕಿಂಗ್ ಅವರ 1911ರ ಗ್ರಂಥದಲ್ಲಿ ಓದಿದ್ದೂ ನೆರವಾಯಿತು. ಪದ್ಧತಿ ಸರಳ. ಸುಮಾರು 30 ಅಡಿ ಉದ್ದ, 14 ಅಡಿ ಅಗಲ, ಎರಡು ಮೂರು ಅಡಿ ಆಳದ ಗುಂಡಿ. ಹತ್ತಿಯ ಕಡ್ಡಿ, ಕಬ್ಬಿನ ರವದೆ, ಕಳೆ, ತರಗೆಲೆ ಮೊದಲಾದವನ್ನು ಬೆರೆಸಿ ಒಂದು ಪದರ. ಅದರ ಮೇಲೆ ಸಗಣಿ. ಅದರ ಮೇಲೆ ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು ಮತ್ತು ಒಲೆಯ ಬೂದಿ. ಹೀಗೆ ಪದರದ ಮೇಲೆ ಪದರ ಹಾಕಿ ನೀರು ಚಿಮುಕಿಸಿ, ಮೂರು ಸಲ ಮಗುಚಿದರೆ, ಸುಮಾರು ಮೂರು ತಿಂಗಳಲ್ಲಿ ಕಪ್ಪಗೆ ಪುಡಿಯಾದ, ನಾತವಿಲ್ಲದ ಗೊಬ್ಬರ ಸಿದ್ಧ.

ಇದರ ಒಳಗುಟ್ಟನ್ನೂ ಅವರು ಬಿಡಿಸಿ ಹೇಳಿದರು. ಕೊಳೆಸುವ ಕೆಲಸ ಕಣ್ಣಿಗೆ ಕಾಣದ ಜೀವಾಣುಗಳದು. ಒಣ ಕಡ್ಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿ ಗಂಜಲಗಳು ಆ ಸಾರಜನಕವನ್ನು ಒದಗಿಸುತ್ತವೆ. ಬೂದಿ ಹುಳಿಯನ್ನು ತಗ್ಗಿಸುತ್ತದೆ, ಮಗುಚುವುದರಿಂದ ಗಾಳಿಯಾಡುತ್ತದೆ. ಮೊದಲು ಬೂಷ್ಟುಗಳು, ಅನಂತರ ಬ್ಯಾಕ್ಟೀರಿಯಗಳು ದುಡಿದು, 33ಕ್ಕೆ ಒಂದರಂತಿದ್ದ ಇಂಗಾಲ ಸಾರಜನಕಗಳ ಪ್ರಮಾಣವನ್ನು ಸುಮಾರು 10ಕ್ಕೆ ಒಂದಕ್ಕೆ ಇಳಿಸುತ್ತವೆ. ಅದು ಬೇರಿಗೆ ಹಿತವಾದ ಆಹಾರ. ವಾಚಕರಲ್ಲಿ ಶಿರಸಿ ಸಿದ್ದಾಪುರಗಳ ಕಡೆಯವರಿದ್ದರೆ, ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಯಲ್ಲಿ ಹಾಸಿ, ದನ ತುಳಿದು ಗಂಜಲ ಹೀರಿದ ಮೇಲೆ ಅಡಿಕೆ ತೋಟಕ್ಕೆ ಹಾಕುತ್ತಿದ್ದುದು ಅವರಿಗೆ ನೆನಪಾದೀತು. ನಮ್ಮ ತಾಯಂದಿರು ದಿನ ಬೆಳಗಾದರೆ ಒಲೆಯ ಬೂದಿಯನ್ನು ತಿಪ್ಪೆಗೆ ಸುರಿಯುತ್ತಿದ್ದುದರ ಹಿಂದೆಯೂ ಒಂದು ಶಾಸ್ತ್ರವಿತ್ತು.

1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು. ಮರುವರ್ಷ ಹೋವರ್ಡ್ ಅವರು ವಾಡ್ ಅವರೊಡನೆ ಕೂಡಿ ಇಂದೂರು ಪದ್ಧತಿಯ ಗ್ರಂಥವನ್ನು ಪ್ರಕಟಿಸಿ ಭಾರತವನ್ನು ಬಿಟ್ಟರು. ಆ ಬಳಿಕ ಗೇಬ್ರಿಯೆಲ್ ಅವರ ತಂಗಿ ಲೂಯಿಸ್ ಅವರ ಕೈಹಿಡಿದು ಜೊತೆಯಾದರು. 1934ರಲ್ಲಿ ಸರ್ ಪದವಿ ಬಂದಿತು. 1935ರಲ್ಲಿ ಗಾಂಧೀಜಿಯವರು ಇಂದೂರಿಗೆ ಹೋದಾಗ ಈ ಗೊಬ್ಬರದ ಕೆಲಸವನ್ನು ನೋಡಿ ಮೆಚ್ಚಿದರು. ಆದರೆ ಸ್ವದೇಶದ ವಿದ್ವಾಂಸರಲ್ಲಿ ಹೋವರ್ಡ್ ಅವರಿಗೆ ಮಿತ್ರರಿಗಿಂತ ಎದುರಾಳಿಗಳೇ ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದಿಗಾಗಿ ಸಾರಜನಕ ತಯಾರಿಸಿದ ಕಾರ್ಖಾನೆಗಳು ಗೊಬ್ಬರದ ಕಡೆಗೆ ತಿರುಗಿದ್ದ ಕಾಲ ಅದು. ಮಣ್ಣೆಂದರೆ ಸಾರಜನಕ, ರಂಜಕ, ಪೊಟ್ಯಾಶ್‌ಗಳ ಲೆಕ್ಕವಷ್ಟೇ ಎಂಬ ನಂಬಿಕೆಯನ್ನು ಅವರು ಎದುರಿಸಿದರು. ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸಬೇಕೆಂಬ ನಿಯಮವನ್ನು 1940ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸಾರಿದರು. ಇಂಗ್ಲೆಂಡಿನಲ್ಲಿ ಈವ್ ಬಾಲ್ಫರ್, ಅಮೆರಿಕದಲ್ಲಿ ರೋಡೇಲ್ ಮೊದಲಾದವರು ಅವರಿಂದ ಸ್ಫೂರ್ತಿ ಪಡೆದರು. 1947ರ ಅಕ್ಟೋಬರ್ 20ರಂದು ಹೋವರ್ಡ್ ಅವರು ಕಾಲವಾದರು.

ಇನ್ನು ಬೆಂಗಳೂರಿನ ಎಳೆ. ಹೊಲದ ಕಡ್ಡಿಕಸವನ್ನು ಹೊಲಕ್ಕೆ ತಿರುಗಿಸುವ ದಾರಿಯನ್ನು ಇಂದೂರು ತೋರಿಸಿತು. ಆದರೆ ಬೆಳೆದುದರಲ್ಲಿ ದೊಡ್ಡ ಪಾಲು ಗಾಡಿಯೇರಿ ಪಟ್ಟಣಕ್ಕೆ ಹೋಗುತ್ತದಲ್ಲ, ಅದು ಹಿಂದಿರುಗುವ ಬಗೆ ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯ ಅವರು 1939ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಪಟ್ಟಣದ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದು ಅವರ ವಿಧಾನ. ಮಗುಚುವ ಗೊಡವೆಯಿಲ್ಲ, ಒಳಗಿನ ಕಾವಿಗೆ ರೋಗಾಣುಗಳು ಅಡಗುತ್ತವೆ, ಆರು ತಿಂಗಳ ಸುಮಾರಿಗೆ ಗೊಬ್ಬರವಾಗುತ್ತದೆ. ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಇಂದೂರಿನ ಪಕ್ಕದಲ್ಲಿಯೇ ಬೆಂಗಳೂರು ಪದ್ಧತಿ ಎಂಬ ಹೆಸರು ಇಂದಿಗೂ ನಿಂತಿದೆ. ಕನ್ನಡಿಗರು ಹೆಮ್ಮೆಪಡತಕ್ಕ ವಿಷಯಗಳಲ್ಲಿ ಇದೂ ಒಂದೆಂದು ನಾವು ಭಾವಿಸುತ್ತೇವೆ.

ಮಹನೀಯರನ್ನು ಮೆಚ್ಚುವಾಗ ಅವರ ಮಿತಿಯನ್ನು ಮರೆಯಬಾರದು. ಚೆನ್ನಾಗಿ ಕೊಳೆತ ಗೊಬ್ಬರವೊಂದಿದ್ದರೆ ಬೆಳೆಗೂ ದನಕ್ಕೂ ರೋಗವೇ ತಗಲದೆಂಬಷ್ಟು ದೂರಕ್ಕೆ ಹೋವರ್ಡ್ ಅವರ ನಂಬಿಕೆ ಹೋಗಿತ್ತು. ಅನಂತರದ ವಿಜ್ಞಾನ ಅದನ್ನು ಹಾಗೆಯೇ ಒಪ್ಪಿಲ್ಲ. ರಾಸಾಯನಿಕ ಗೊಬ್ಬರವಿಲ್ಲದೆ ಇಷ್ಟು ಜನರಿಗೆ ಅನ್ನ ಸಿಗುತ್ತಿತ್ತೆಂದು ಹೇಳುವುದೂ ಕಷ್ಟ. ಆದರೆ ಮಣ್ಣಿಗೆ ಜೀವವಿದೆ ಎಂಬ ಅವರ ಮೂಲ ಮಾತು ನಿಂತಿದೆ. ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಾಣುಗಳಿವೆ. 2009ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ, ಅನೇಕ ಹೊಲಗಳಲ್ಲಿ ಸಾವಯವ ಇಂಗಾಲ ಕಡಿಮೆಯಾಗಿರುವುದೂ ಗಂಧಕ, ಸತು, ಬೋರಾನ್‌ಗಳ ಕೊರತೆಯೂ ಕಂಡುಬಂದವು. ಪರೀಕ್ಷೆ ಮಾಡಿಸಿ ಕೊರತೆಯನ್ನು ತುಂಬುವುದು, ಜೊತೆಗೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ಬೇಳೆಯ ಬೆಳೆಗಳಿಂದ ಮಣ್ಣಿನ ಜೀವವನ್ನು ಉಳಿಸುವುದು, ಇವೆರಡೂ ಕೂಡಿ ನಡೆಯಬೇಕಾದುವು.

ಈಗ ನಮ್ಮ ಮಾತು. ಊರಿನ ಮನೆಗಳಲ್ಲಿ ತಿಪ್ಪೆ ಏಕೆ ಸಣ್ಣದಾಯಿತು? ದನ ಕಡಿಮೆಯಾದವು, ಸೊಪ್ಪು ಹೊರುವ, ಗುಂಡಿ ತುಂಬುವ, ಮಗುಚುವ ಕೈಗಳು ಕಡಿಮೆಯಾದವು. ಆ ಕೈಗಳಲ್ಲಿ ನಮ್ಮವೂ ಸೇರಿವೆ ಎಂಬುದನ್ನು ಒಪ್ಪಿಕೊಳ್ಳೋಣ. ಊರಿನಲ್ಲಿ ಉಳಿದ ಅಣ್ಣನೋ ತಮ್ಮನೋ ಒಬ್ಬಂಟಿಯಾಗಿ ಚೀಲದ ಗೊಬ್ಬರವನ್ನೇ ಎರಚಿದರೆ, ಪಟ್ಟಣದಲ್ಲಿ ಕುಳಿತು ಅವನನ್ನು ಆಕ್ಷೇಪಿಸುವ ಹಕ್ಕು ನಮಗಿಲ್ಲ. ನೆಲದ ಸಾರದಂತೆ ನಾವೂ ಊರಿನಿಂದ ಹೊರಟು ಪಟ್ಟಣ ಸೇರಿದವರು.

ಪೂರ್ತಿಯಾಗಿ ಹಿಂದಿರುಗುವುದು ಎಲ್ಲರಿಗೂ ಆಗದ ಮಾತು. ಆದರೆ ಸ್ವಲ್ಪವನ್ನು ಹಿಂದಿರುಗಿಸಬಹುದು. ಅಡಿಗೆ ಮನೆಯ ಹಸಿ ಕಸದಲ್ಲಿ ಪ್ಲಾಸ್ಟಿಕ್ಕು, ಗಾಜು ಬೆರೆಯದಂತೆ ಪ್ರತಿ ಮನೆಯೂ ನೋಡಿಕೊಂಡರೆ ಆಚಾರ್ಯ ಅವರ ವಿಧಾನಕ್ಕೆ ಇಂದಿಗೂ ಬೆಲೆಯುಂಟು. ಬೆರೆತರೆ ಆ ಗೊಬ್ಬರವನ್ನು ಯಾವ ರೈತನೂ ಹೊಲಕ್ಕೆ ಸೇರಿಸನು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಹೊಲದ ಮಣ್ಣಿನ ಪರೀಕ್ಷೆ ಆಗಿದೆಯೇ ಎಂದು ಕೇಳೋಣ. ಗುಂಡಿ ತುಂಬಿಸಲು ಆಳಿನ ಕೂಲಿ ಹೆಚ್ಚಾದರೆ ಅದರಲ್ಲಿ ನಮ್ಮದೊಂದು ಪಾಲು ಕೊಡೋಣ. ಮಕ್ಕಳನ್ನು ತಿಪ್ಪೆಯ ಬಳಿಗೆ ಕರೆದೊಯ್ದು, ಕಪ್ಪಗೆ ಕಳಿತ ಗೊಬ್ಬರವನ್ನು ಅವರ ಅಂಗೈಯಲ್ಲಿಟ್ಟು ತೋರಿಸೋಣ. ಎಲ್ಲಿಂದಲೋ ಬಂದ ಹೋವರ್ಡ್ ಅವರು ನಮ್ಮ ರೈತನಿಂದ ಕಲಿತ ಪಾಠ ಅದು. ಅವನ ಮೊಮ್ಮಕ್ಕಳು ಅದನ್ನು ಮರೆಯದಿರಲಿ.