ಉಪ್ಪುನೀರಿನ ಗುಟ್ಟು ಬಿಡಿಸಿದ ಅರ್ಹೇನಿಯಸ್

ಮಕ್ಕಳೇ, ಎರಡು ಲೋಟ ನೀರು ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ಸಕ್ಕರೆ, ಇನ್ನೊಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಕಿ. ಎರಡೂ ಕರಗಿ ಕಾಣದಾಗುತ್ತವೆ. ಕರಗಿದ ಸಕ್ಕರೆ, ಉಪ್ಪು ದ್ರಾವ್ಯಗಳು. ಕರಗಿಸಿಕೊಂಡ ನೀರು ದ್ರಾವಕ. ಸೇರಿ ಆದದ್ದು ದ್ರಾವಣ. ನೋಡಲು ಎರಡೂ ಲೋಟಗಳು ಒಂದೇ ತೆರ. ಆದರೆ ಉಪ್ಪಿನ ದ್ರಾವಣದಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಸಕ್ಕರೆಯ ದ್ರಾವಣದಲ್ಲಿ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. (ಮನೆಯ ಕರೆಂಟಿನಿಂದ ಇದನ್ನು ಪರೀಕ್ಷಿಸಲು ಎಂದೂ ಹೋಗಬೇಡಿ!) ಏಕೆ ಹೀಗೆ? ಇದಕ್ಕೆ ಉತ್ತರ ಹುಡುಕಿದವರು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್.

ಅವರು ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲ ನಗರದ ಬಳಿ. ಮೂರನೆಯ ವಯಸ್ಸಿಗೇ ಯಾರೂ ಹೇಳಿಕೊಡದೆ ಓದಲು ಕಲಿತರಂತೆ. ಉಪ್ಸಾಲ ವಿಶ್ವವಿದ್ಯಾನಿಲಯದಲ್ಲಿ ಓದಿ, 1881ರಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಬಳಿ ಸೇರಿದರು. ಅಲ್ಲಿ ಬಗೆಬಗೆಯ ಲವಣಗಳನ್ನು ನೀರಿನಲ್ಲಿ ಕರಗಿಸಿ, ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆಂದು ಅಳೆದರು. ನೀರು ಬೆರೆಸಿ ದ್ರಾವಣವನ್ನು ತೆಳುವಾಗಿಸಿದಂತೆಲ್ಲ, ಅದರಲ್ಲಿದ್ದ ಅಷ್ಟೇ ಲವಣ ಮೊದಲಿಗಿಂತ ಚೆನ್ನಾಗಿ ವಿದ್ಯುತ್ತನ್ನು ಸಾಗಿಸುತ್ತಿತ್ತು! ಲವಣದ ಒಂದು ಭಾಗ ಮಾತ್ರ ಈ ಕೆಲಸ ಮಾಡುತ್ತದೆ, ನೀರು ಹೆಚ್ಚಿದಂತೆ ಆ ಭಾಗವೂ ಹೆಚ್ಚುತ್ತದೆ ಎಂದು ಅವರು ತರ್ಕಿಸಿದರು.

1884ರಲ್ಲಿ ಈ ಬಗ್ಗೆ 150 ಪುಟಗಳ ಪ್ರಬಂಧ ಬರೆದು ಡಾಕ್ಟರೇಟ್ ಪದವಿಗಾಗಿ ಉಪ್ಸಾಲದಲ್ಲಿ ಒಪ್ಪಿಸಿದರು. ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ರಸಾಯನಶಾಸ್ತ್ರದ ಕ್ಲೀವ್ ಅವರಂತೂ ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಪ್ರಬಂಧಕ್ಕೆ ಸಿಕ್ಕಿದ್ದು ನಾಲ್ಕನೆಯ ದರ್ಜೆ. ಅಷ್ಟು ಕೆಳಗಿನ ದರ್ಜೆಯವರಿಗೆ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಕೆಲಸ ಸಿಗುವುದು ಕಷ್ಟ. 25 ವರ್ಷದ ಆ ಯುವಕ ಸುಮ್ಮನೆ ಕೂರಲಿಲ್ಲ. ಪ್ರಬಂಧದ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಕಳುಹಿಸಿದರು. ರಿಗಾ ನಗರದಲ್ಲಿದ್ದ ಓಸ್ಟ್‌ವಾಲ್ಡ್ ಅದನ್ನು ಓದಿ, ಅದೇ ವರ್ಷ ಉಪ್ಸಾಲಕ್ಕೇ ಬಂದು ತಮ್ಮಲ್ಲಿ ಕೆಲಸಕ್ಕೆ ಕರೆದರು. ತಂದೆಯ ಕಾಯಿಲೆಯಿಂದಾಗಿ ಅರ್ಹೇನಿಯಸ್ ಕೂಡಲೇ ಹೋಗಲಾಗಲಿಲ್ಲ. ಆದರೆ ಉಪ್ಸಾಲದವರು ಎಚ್ಚೆತ್ತು ಪಾಠ ಹೇಳುವ ಹುದ್ದೆ ಕೊಟ್ಟರು.

ವಿದ್ಯುತ್ ಹರಿಸಿದಾಗ ಮಾತ್ರ ಲವಣ ಒಡೆಯುತ್ತದೆಂದು ಆಗ ಅನೇಕರು ನಂಬಿದ್ದರು. ಹಾಗಲ್ಲ, ನೀರಿನಲ್ಲಿ ಕರಗಿದೊಡನೆಯೇ ಅದು ವಿದ್ಯುದಾವೇಶವಿರುವ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬಿಡಿಬಿಡಿಯಾಗುತ್ತದೆ ಎಂದು 1887ರಲ್ಲಿ ಅರ್ಹೇನಿಯಸ್ ಸ್ಪಷ್ಟವಾಗಿ ಸಾರಿದರು. ಸಕ್ಕರೆಯ ಅಣುಗಳು ಒಡೆಯದೆ ಇಡಿಯಾಗಿಯೇ ನೀರಿನಲ್ಲಿ ಹರಡುತ್ತವೆ. ಇದಕ್ಕೆ ಹೆಪ್ಪುಗಟ್ಟುವ ನೀರೂ ಸಾಕ್ಷಿ ಹೇಳಿತು. ಏನಾದರೂ ಕರಗಿದ್ದರೆ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಎಷ್ಟು ಕೆಳಗೆ ಎಂಬುದು ಕರಗಿದ ಕಣಗಳ ಎಣಿಕೆಗೆ ಸೇರಿದ್ದು. ಎಣಿಕೆಯಲ್ಲಿ ಅಷ್ಟೇ ಕಣಗಳನ್ನು ಹಾಕಿದರೂ ಅಡುಗೆ ಉಪ್ಪಿನಿಂದ ಈ ಇಳಿಕೆ ಸಕ್ಕರೆಗಿಂತ ಸುಮಾರು ಎರಡರಷ್ಟು. ಒಂದು ಕಣ ಎರಡಾಗಿದ್ದರೆ ತಾನೇ ಹಾಗಾಗುವುದು?

ಆದರೂ ಹಲವರು ಒಪ್ಪಲಿಲ್ಲ. ಉಪ್ಪಿನಲ್ಲಿರುವುದು ಸೋಡಿಯಂ ಮತ್ತು ಕ್ಲೋರಿನ್. ಸೋಡಿಯಂ ಲೋಹ ನೀರಿಗೆ ಬಿದ್ದರೆ ಧಗ್ಗನೆ ಉರಿದೀತು, ಕ್ಲೋರಿನ್ ವಿಷಾನಿಲ. ಅವು ಬಿಡಿಯಾಗಿದ್ದರೆ ಉಪ್ಪುನೀರು ಕುಡಿಯುವುದು ಹೇಗೆ? ಪ್ರಶ್ನೆ ಸರಿಯಾದದ್ದೇ. ಅಯಾನಿಗೆ ಆವೇಶವಿದೆ, ಪರಮಾಣುವಿಗಿಲ್ಲ. ಆದ್ದರಿಂದ ಅವುಗಳ ಗುಣವೇ ಬೇರೆ ಎಂಬುದು ಅರ್ಹೇನಿಯಸ್ ಅವರ ಉತ್ತರ. ಉಪ್ಪಿನ ಹರಳಿನೊಳಗೇ ಅಯಾನುಗಳಿವೆ, ನೀರು ಅವನ್ನು ಬಿಡಿಸುತ್ತದೆ ಅಷ್ಟೆ ಎಂಬುದು ಮುಂದೆ ತಿಳಿಯಿತು.

1903ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆ ಬಹುಮಾನದ ಸಮಿತಿಯಲ್ಲಿ ಯಾರಿದ್ದರು ಗೊತ್ತೆ? ಅದೇ ಕ್ಲೀವ್! ಅರ್ಹೇನಿಯಸ್ 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು.